ಚಿಕ್ಕಪ್ಪ ಹಾಕಿದ ಪಾಲಿಶ್

ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಸೀಮೆಎಣ್ಣೆಯಂಥ ಘಾಟು. ಸ್ವಲ್ಪ ತಡೆದು, ಅದರ ಹಿಂದಿನಿಂದ, ಜೇನುಮೇಣದ ಸಿಹಿ ವಾಸನೆ ಬರುತ್ತದೆ. ನಿನ್ನೆ ಬಾಳಗಡಿಯ ಬಿಡಿಭಾಗದ ಅಂಗಡಿಯಲ್ಲಿ ಈ ಡಬ್ಬಿ ಕೈಗೆ ಸಿಕ್ಕಿತು. ಅಲ್ಲೇ ಮುಚ್ಚಳ ತೆಗೆದು ಮೂಸಿ ನೋಡಿದೆ. ಅಂಗಡಿಯವ ನನ್ನನ್ನೇ ನೋಡುತ್ತಿದ್ದ. ಕಾರಿನ ಪಾಲಿಶನ್ನು ಉಪ್ಪಿನಕಾಯಿಯ ಹಾಗೆ ಮೂಸುವ ಗಿರಾಕಿ ಅವನಿಗೆ ಸಿಕ್ಕಿದ್ದು ಅದೇ ಮೊದಲಿರಬೇಕು.

ಭಾನುವಾರ ಬೆಳಿಗ್ಗೆ ನನ್ನ ಕಾರನ್ನು ನಾನೇ ತೊಳೆಯುತ್ತೇನೆ. ಕೊಪ್ಪದಲ್ಲಿ ಈಗ ಅದಕ್ಕೆ ಬೇಕಾದ ಅನುಕೂಲವೆಲ್ಲ ಇದೆ. ನೊರೆ ಎರಚಿ, ಪೈಪಿನಿಂದ ನೀರು ಚಿಮ್ಮಿಸಿ, ನೀವು ಒಂದು ಕಾಫಿ ಕುಡಿಯುವುದರೊಳಗೆ ಕಾರನ್ನು ಮದುಮಗನ ಹಾಗೆ ಮಾಡಿ ಕೊಡುತ್ತಾರೆ. ಆದರೂ ನಾನು ಎರಡು ಬಕೆಟ್ ಇಟ್ಟುಕೊಂಡು, ಹಳೆಯ ಪಂಚೆ ಹರಿದು ಕೂರುತ್ತೇನೆ. ಪಕ್ಕದ ಮನೆಯವರು ಜಿಪುಣ ಅಂದುಕೊಂಡಿದ್ದಾರೆ. ನನ್ನ ಹೆಂಡತಿಯ ಅಭಿಪ್ರಾಯ ಇನ್ನೂ ಖಾರ. "ನಿಮ್ಮ ಬೆನ್ನು ತಿಕ್ಕಿಕೊಳ್ಳೋಕೆ ಇಷ್ಟು ಶ್ರದ್ಧೆ ಇದ್ದಿದ್ರೆ ಎಷ್ಟು ಬೆಳ್ಳಗಿರ್ತಿದ್ರಿ" ಎಂದು ಇವತ್ತೂ ಅಂದಳು.

ಇವತ್ತು ತೊಳೆದು ಪಾಲಿಶನ್ನೂ ಹಾಕಿದೆ; ಈ ಶ್ರದ್ಧೆಗೆ ಬೇರೆ ಕಾರಣವಿತ್ತು. ಶೃಂಗೇರಿಯಿಂದ ಶೈಲ ಊಟಕ್ಕೆ ಬರುವವಳಿದ್ದಳು. ಶೈಲ ನನ್ನ ಚಿಕ್ಕಮ್ಮನ ಮಗಳು. ಚಿಕ್ಕಮ್ಮನ ವರ್ಷಾಂತಿಕ ಹೋದ ತಿಂಗಳು ಮುಗಿಯಿತು. ಚಿಕ್ಕಮ್ಮ ನನ್ನ ಬಾಯಿಗೆ ಹಾಕಿದ್ದ ಬೀಗವೊಂದು ಅವರ ಜೊತೆಗೇ ಹೋಗಿದೆ. ಈಗ ಶೈಲಳಿಗೆ ಆ ಮಾತು ಹೇಳಬಹುದು. ಹೇಳಬೇಕೋ ಬೇಡವೋ ಎಂಬುದು ಮಾತ್ರ ನೀರು ಹೊಯ್ಯುತ್ತಿದ್ದಾಗಲೂ ನನಗೆ ಇತ್ಯರ್ಥವಾಗಿರಲಿಲ್ಲ. ಮೊದಲು ಕೇಳಿ, ಆಮೇಲೆ ನೀವೇ ಹೇಳಿ.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಮುತ್ತಿನಕೊಪ್ಪದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಮೇಷ್ಟ್ರ ಕೆಲಸ ಸಿಕ್ಕಿತು. ಉಳಿಯಲು ನರಸಿಂಹರಾಜಪುರದಲ್ಲಿ ಚಿಕ್ಕಮ್ಮನ ಮನೆಯಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಚಿಕ್ಕಪ್ಪನ ಔಷಧಿ ಅಂಗಡಿ. ನಾನು ಹೋಗುವ ಹೊತ್ತಿಗೆ ಚಿಕ್ಕಪ್ಪ ಇರಲಿಲ್ಲ. ಒಂದು ಭಾನುವಾರ ಅಂಬಾಸಿಡರಿಗೆ ಚೆನ್ನಾಗಿ ಪಾಲಿಶ್ ಹಾಕಿ, "ನೋಡೇ, ಇದರಲ್ಲಿ ಮುಖ ನೋಡಿ ಬೈತಲೆ ತೆಗೀಬಹುದು" ಎಂದು ಚಿಕ್ಕಮ್ಮನನ್ನು ಕರೆದು ತೋರಿಸಿದ್ದರಂತೆ. ಅದೇ ವಾರ ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡರು. ಅಂಗಡಿಯನ್ನೂ ಕಾರನ್ನೂ ಶೈಲ ವಹಿಸಿಕೊಂಡಳು. ಅವಳು ಫಾರ್ಮಸಿ ಓದಿದ್ದಳು, ಗಾಡಿ ಓಡಿಸುವುದನ್ನು ಅಪ್ಪನಿಂದಲೇ ಕಲಿತಿದ್ದಳು. ಆ ಕಡುನೀಲಿ ಅಂಬಾಸಿಡರಿನ ಸ್ಟೀರಿಂಗಿನ ಹಿಂದೆ ಅವಳ ತಲೆ ಅರ್ಧ ಮಾತ್ರ ಕಾಣುತ್ತಿತ್ತು. ಎದುರಿನಿಂದ ಬರುವ ಬಸ್ಸಿನವರು ಹೆದರಿ ದಾರಿ ಬಿಡುತ್ತಿದ್ದರು.

ಕಾರು ತೊಳೆಯುವ ಕೆಲಸ ಮಾತ್ರ ಚಿಕ್ಕಮ್ಮನದು. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ನಾನು ಹೋದ ಹೊಸದರಲ್ಲಿ, ಅನ್ನದ ಋಣ ತೀರಿಸುವ ಉಮೇದಿನಲ್ಲಿ, ಬಟ್ಟೆ ಸೋಪಿನ ಪುಡಿ ಕಲಸಿಕೊಂಡು ಬಕೆಟ್ ಹಿಡಿದು ಹೊರಟೆ. ಚಿಕ್ಕಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು.

"ಎಂತ ಮಾಡ್ತಿದ್ದಿ ಮಾರಾಯ! ಬಟ್ಟೆ ಜಿಡ್ಡು ತೆಗೆಯೋ ಸೋಪು ಪಾಲಿಶ್ ಬಿಡ್ತದಾ? ಅದು ನಿನ್ನ ಚಿಕ್ಕಪ್ಪ ಹಾಕಿದ್ದು."

ಚಿಕ್ಕಮ್ಮನ ಕ್ರಮವೇ ಬೇರೆ. ಬಿಸಿಲಿನಲ್ಲಿ ತೊಳೆಯುವ ಹಾಗಿಲ್ಲ, ಶೆಡ್ಡಿನ ನೆರಳಿನಲ್ಲೇ ಆಗಬೇಕು. ಮೊದಲು ಬರೀ ನೀರು ಹೊಯ್ದು ಕೆಸರು ತಾನಾಗಿ ಇಳಿಯಲು ಬಿಡಬೇಕು; ಕೆಸರಿನ ಮೇಲೆ ಬಟ್ಟೆ ಆಡಿಸಿದರೆ ಮರಳು ಗೀರುತ್ತದೆ. ಮೇಲಿನಿಂದ ಕೆಳಕ್ಕೆ ಬರಬೇಕು. ಚಕ್ರಕ್ಕೆ ಬೇರೆ ಬಟ್ಟೆ, ಮೈಗೆ ಬೇರೆ ಬಟ್ಟೆ. ಬಟ್ಟೆ ನೆಲಕ್ಕೆ ಬಿತ್ತೋ, ಅದು ಚಕ್ರದ ಜಾತಿಗೆ ಸೇರಿತು. ಹಕ್ಕಿ ಹಿಕ್ಕೆ ಹಾಕಿದ್ದರೆ ಕೆರೆಯಬಾರದು, ಒದ್ದೆ ಬಟ್ಟೆ ಹೊದಿಸಿ ನೆನೆಯಲು ಬಿಡಬೇಕು. ಕೊನೆಗೆ ಪಂಚೆ ಹಾಸಿ ನೀರು ಹೀರಿಸಬೇಕು, ಎಳೆದು ಒರೆಸಬಾರದು. ಮಳೆಗಾಲದ ನಮ್ಮ ರಸ್ತೆಗಳಲ್ಲಿ ಓಡಾಡುವ ಗಾಡಿಗೆ ಇದನ್ನೆಲ್ಲ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಇರುತ್ತಿತ್ತು. ಚಿಕ್ಕಮ್ಮ ಚೊಂಬಿನಿಂದ ಒಂದು ಧಾರೆ ನೀರನ್ನು ಬಾನೆಟ್ಟಿನ ಮೇಲೆ ಬಿಡುತ್ತಿದ್ದರು. ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗುಂಡಗೆ ಹನಿಯಾಗಿ ನಿಂತು, ಉರುಳಿ ಹೋಗುತ್ತಿತ್ತು. "ನೋಡ್ದ್ಯಾ? ಇನ್ನೂ ಇದೆ" ಎನ್ನುತ್ತಿದ್ದರು. ಇದೆ ಎಂದರೆ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಮರುವರ್ಷದ ನವರಾತ್ರಿಗೆ ಹಿರೇಕೊಡಿಗೆಯಿಂದ ನನ್ನ ಅಮ್ಮ ಬಂದಳು. ಚಿಕ್ಕಮ್ಮನಿಗೆ ಅವಳು ಸ್ವಂತ ಅಕ್ಕ. ಅಮ್ಮನ ಕೈ ಸುಮ್ಮನಿರುವ ಕೈಯಲ್ಲ. ಆಯುಧಪೂಜೆಯ ಬೆಳಿಗ್ಗೆ ದೇವರ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ ಮುಗಿಸಿದಳು. ಚಿಕ್ಕಮ್ಮ ಹೂ ತರಲು ಹೋಗಿದ್ದರು. ಪೂಜೆಗೆ ಇಡುವ ವಸ್ತು ಎಂದ ಮೇಲೆ ಕಾರೂ ಒಂದು ಪಾತ್ರೆಯೇ ತಾನೇ? ಅಮ್ಮ ಅಂಟುವಾಳಕಾಯಿ ನೆನೆಹಾಕಿ, ಬುರುಗು ಎಬ್ಬಿಸಿ, ಉಳಿದ ಹುಣಸೆಹಣ್ಣಿನ ಚರಟವನ್ನೂ ಸೇರಿಸಿ, ತೆಂಗಿನ ನಾರಿನಲ್ಲಿ ಬಾನೆಟ್ಟನ್ನು ತಿಕ್ಕಿದಳು. ತಂಗಿ ಬಂದಾಗ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು.

"ಎಂತ ಜಿಡ್ಡು ಮಾರಾಯ್ತಿ ನಿನ್ನ ಕಾರಿನ ಮೇಲೆ! ಕೈ ಇಟ್ರೆ ಜಾರ್ತಿತ್ತು. ಈಗ ಮುಟ್ಟಿ ನೋಡು, ಕಿರ್ ಅಂತದೆ."

ಚಿಕ್ಕಮ್ಮ ಮುಟ್ಟಿ ನೋಡಿದರು. ಕಿರ್ ಎಂದಿತು. ಚೊಂಬಿನಿಂದ ನೀರು ಬಿಟ್ಟರು. ಹನಿ ಕಟ್ಟಲಿಲ್ಲ; ಚಪ್ಪಟೆಯಾಗಿ ಹರಡಿ, ಸುಮ್ಮನೆ ಇಳಿದು ಹೋಯಿತು. ನಾನೂ ಶೈಲಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಕ್ಕನಿಗೆ ಬಯ್ಯುವ ಹಾಗಿಲ್ಲ, ಅವಳು ಒಳ್ಳೆಯದಕ್ಕೇ ಮಾಡಿದ್ದು. "ಹೌದಕ್ಕ, ಚೊಕ್ಕಟ ಆಯ್ತು" ಎಂದು ಚಿಕ್ಕಮ್ಮ ಒಳಗೆ ಹೋದರು. ಅವತ್ತಿನ ಪಾಯಸವನ್ನು ಅವರು ಬಾಯಿಗೂ ಮುಟ್ಟಿಸಲಿಲ್ಲ. ಪಾಪ, ಅಮ್ಮ ಇನ್ನಷ್ಟು ಬಡಿಸಲು ಹೋದಳು.

ಇಲ್ಲಿಗೆ ಆ ಪಾಲಿಶಿನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ವಾರ ಕಾರು ತೊಳೆದ ಚಿಕ್ಕಮ್ಮ ಅಂಗಳದಿಂದಲೇ ಕೂಗಿದರು. ಹೋಗಿ ನೋಡಿದರೆ ಬಾನೆಟ್ಟಿನ ತುಂಬ ಹನಿಗಳು, ಮೊದಲಿನಷ್ಟೇ ಗುಂಡಗೆ. "ನಿನ್ನ ಚಿಕ್ಕಪ್ಪ ಹಾಕಿದ್ದು ಅಷ್ಟು ಸುಲಭಕ್ಕೆ ಹೋಗ್ತದಾ?" ಎಂದರು. ನಾನು ತಲೆ ಆಡಿಸಿದೆ. ಕನ್ನಡ ಮೇಷ್ಟ್ರಿಗೆ ಪವಾಡ ಒಪ್ಪಿಕೊಳ್ಳಲು ಕಷ್ಟವೇನಿಲ್ಲ.

ಪವಾಡದ ಗುಟ್ಟು ಒಂದು ಶುಕ್ರವಾರ ತಿಳಿಯಿತು. ಶುಕ್ರವಾರ ಸಂಜೆ ಚಿಕ್ಕಮ್ಮ ಭಜನೆಗೆ ಹೋಗುತ್ತಿದ್ದರು. ಅವತ್ತು ಶಾಲೆ ಬೇಗ ಬಿಟ್ಟು ನಾನು ಮುಂಚಿನ ಬಸ್ಸಿಗೆ ಬಂದೆ. ಶೆಡ್ಡಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಆ ಘಾಟು ವಾಸನೆ. ತಳ್ಳಿದರೆ ಶೈಲ ದುಪಟ್ಟಾ ಸೊಂಟಕ್ಕೆ ಬಿಗಿದು ಕಾರಿನ ಮೈ ಉಜ್ಜುತ್ತಿದ್ದಳು. ಇನ್ನೊಂದು ಕೈಯಲ್ಲಿ ಪೊರಕೆಯಿಂದ ಕಿತ್ತು ಹತ್ತಿ ಸುತ್ತಿದ ಹಿಡಿಕಡ್ಡಿ.

"ಬಾಗಿಲು ಹಾಕು ಅಣ್ಣ" ಎಂದಳು. "ಪಾಲಿಶ್ ಎಲ್ಲಾದ್ರೂ ವರ್ಷಗಟ್ಟಲೆ ಇರ್ತದಾ? ಅಪ್ಪ ಹಾಕಿದ್ದು ಹೋಗಿ ಎಷ್ಟೋ ಕಾಲ ಆಯ್ತು. ಅಮ್ಮನಿಗೆ ಗೊತ್ತಾಗೋದು ಬೇಡ. ಅವಳಿಗೆ ಅಪ್ಪಂದು ಅಂತ ಉಳಿದಿರೋದು ಇದೊಂದೇ."

ಅವಳ ಕಣ್ಣು ಕೆಂಪಗಿತ್ತು. ಪಾಲಿಶಿನ ಘಾಟಿಗೆ ಎಂದುಕೊಂಡೆ. ಸ್ವಲ್ಪ ಹೊತ್ತು ಉಜ್ಜಿ, ನಗುತ್ತಾ ಇನ್ನೊಂದು ಮಾತು ಹೇಳಿದಳು: "ಒಂದೊಂದ್ಸಲ ಬೇಜಾರಾಗ್ತದೆ. ರಟ್ಟೆ ಬಿದ್ದುಹೋಗೋ ಹಾಗೆ ಉಜ್ಜೋದು ನಾನು, ಹೆಸರು ಅಪ್ಪಂಗೆ."

ಎರಡು ವರ್ಷ ಕಳೆದು ಶೃಂಗೇರಿಯ ಕಡೆ ಅವಳ ಮದುವೆ ಗೊತ್ತಾಯಿತು. ಹೊರಡುವ ಗಡಿಬಿಡಿಯಲ್ಲಿ, ಎಲ್ಲರೂ ಬಾಗಿನದ ಮೊರ ಹುಡುಕುತ್ತಿದ್ದಾಗ, ನನ್ನ ಕೈಗೆ ಪೇಪರಿನಲ್ಲಿ ಸುತ್ತಿದ ಡಬ್ಬಿ ತುರುಕಿದಳು. "ತೆಳ್ಳಗೆ ಹಚ್ಚು. ಒಣಗಿ ಮಬ್ಬಾದ ಮೇಲೆ ಉಜ್ಜು. ಅಮ್ಮ ಇನ್ನು ಒಬ್ಬಳೇ ನೀರು ಬಿಟ್ಟು ನೋಡ್ತಾಳೆ ಅಣ್ಣ. ಹನಿ ಕಟ್ಟದೇ ಇದ್ರೆ ಎಂತ ಗತಿ?" ಮದುವೆಯ ಹೆಣ್ಣು ತವರು ಬಿಡುವಾಗ ಅಳುವುದು ಬೇರೆ ಬೇರೆ ಕಾರಣಕ್ಕೆ. ಇವಳು ಅಳದೆ ಈ ಒಂದು ಮಾತು ಹೇಳಿ ಗಂಡಿನ ಕಡೆಯವರ ಕಾರು ಹತ್ತಿದಳು.

ನನ್ನ ಪಾಲಿಶಿನ ವರ್ಣನೆ ಬೇಡ. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ದಪ್ಪಗೆ ಹಚ್ಚಿದೆ. ಅದು ಒಣಗಿ ಸುಣ್ಣದ ಗೋಡೆಯಾಯಿತು. ಚಿಕ್ಕಮ್ಮ ಭಜನೆಯಿಂದ ಬರುವುದರೊಳಗೆ ಹೇಗೋ ಉಜ್ಜಿ ಮುಗಿಸಿ, ಏನೂ ಅರಿಯದವನ ಹಾಗೆ ಪರೀಕ್ಷೆಯ ಪೇಪರು ತಿದ್ದುತ್ತ ಕುಳಿತೆ.

ಮರುದಿನ ಚಿಕ್ಕಮ್ಮ ಕಾರು ತೊಳೆದು ಚೊಂಬಿನಿಂದ ನೀರು ಬಿಟ್ಟರು. ಹನಿ ಕಟ್ಟಿತು. ನನಗೆ ಹೋದ ಜೀವ ಬಂತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲಿನ ಹ್ಯಾಂಡಲ್ ಸಂದಿಗೆ ಬೆರಳು ಹಾಕಿ ತೆಗೆದರು. ಬೆರಳ ತುದಿಯಲ್ಲಿ ಬಿಳಿ ಪುಡಿ.

"ಶೈಲಂದು ಇದಕ್ಕಿಂತ ಚಂದ ಇರ್ತಿತ್ತು ಮಾರಾಯ" ಎಂದರು.

ನಾನೂ ಬಗ್ಗಿ ಆ ಸಂದಿ ನೋಡಿದೆ.

"ನಿನ್ನ ಚಿಕ್ಕಪ್ಪಂದಕ್ಕಿಂತಲೂ ಚಂದ. ಅವರು ಅವಸರದ ಮನುಷ್ಯ, ಸಂದಿಲೆಲ್ಲ ಹೀಗೇ ಪುಡಿ ಬಿಡ್ತಿದ್ರು. ಇವಳು ಕಡ್ಡಿಗೆ ಹತ್ತಿ ಸುತ್ತಿ ಸಂದಿ ಸಂದಿ ತೆಗೀತಿದ್ಲು. ಮೊದಲ ಸಲ ಹಾಕಿದಾಗಲೇ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಎಂತಕ್ಕೆ ಚಿಕ್ಕಮ್ಮ?"

ಅವರು ಚಕ್ರದ ಬಟ್ಟೆ ಹಿಂಡುತ್ತ ಹೇಳಿದರು. "ಅಪ್ಪ ಹೋದಾಗ ಆ ಕೂಸು ಒಂದು ಹನಿ ಅಳ್ಲಿಲ್ಲ. ಅಂಗಡಿ ಲೆಕ್ಕ, ನನ್ನ ಊಟ, ನಿದ್ದೆ, ಬರೀ ಅದೇ. ಒಂದು ಶುಕ್ರವಾರ ಭಜನೆಯಿಂದ ಅರ್ಧಕ್ಕೇ ಬಂದೆ. ಶೆಡ್ಡಿನ ಸಂದಿಲಿ ಕಂಡೆ. ಕಾರಿಗೆ ಹಣೆ ಇಟ್ಟು ಅಳ್ತಾ ಉಜ್ತಿದ್ಲು. ಅತ್ತು ಮುಗಿಸಿ, ಮುಖ ತೊಳೆದು, ನಂಗೆ ಕಾಫಿ ಮಾಡಿ ಕೊಟ್ಲು. ನನಗೆ ಗೊತ್ತುಂಟು ಅಂದ್ರೆ ಉಜ್ಜೋದು ನಿಲ್ಲಿಸ್ತಾಳೆ. ಆಮೇಲೆ ಎಲ್ಲಿ ಅಳ್ತಾಳೆ ಅವಳು?"

ಅದಕ್ಕೇ ಸೋಪು ಮುಟ್ಟಿಸದೆ, ನೆರಳಿನಲ್ಲಿ, ಪಂಚೆ ಹಾಸಿ ಆ ತೊಳೆತ. ಚಿಕ್ಕಮ್ಮ ಕಾಪಾಡುತ್ತಿದ್ದದ್ದು ಮಗಳ ಪಾಲಿಶನ್ನು. ಆಯುಧಪೂಜೆಯ ದಿನ ಪಾಯಸ ಬೇಡವಾದದ್ದೂ ಮಗಳ ಶ್ರಮ ಹುಣಸೆಹುಳಿಯಲ್ಲಿ ಹೋಯಿತಲ್ಲ ಎಂದು. ನಾನು ಮೂರು ವರ್ಷ ಅದೇ ಮನೆಯಲ್ಲಿ ಉಂಡು, ಅದೇ ಅಂಗಳದಲ್ಲಿ ನಿಂತು, ಒಂದನ್ನೂ ಕಂಡಿರಲಿಲ್ಲ.

"ನಾನಿರೋ ತನಕ ಅವಳಿಗೆ ಹೇಳ್ಬೇಡ" ಎಂದರು ಚಿಕ್ಕಮ್ಮ. ಹೇಳಲಿಲ್ಲ. ಕೆಲವು ವರ್ಷಗಳ ಮೇಲೆ ಮಗಳು ಅವರನ್ನು ಶೃಂಗೇರಿಗೆ ಕರೆದುಕೊಂಡು ಹೋದಳು. ಹಳೆಯ ಗಾಡಿಯ ಪ್ರೀತಿಯವರೊಬ್ಬರು ಅಂಬಾಸಿಡರನ್ನು ಒಯ್ದರು. ತೊಳೆಯುವ ಕ್ರಮವನ್ನು ಚಿಕ್ಕಮ್ಮ ಅವರಿಗೂ ಪಾಠ ಮಾಡಿ ಕಳಿಸಿದರಂತೆ.

ಇವತ್ತು ಊಟವಾದ ಮೇಲೆ ಶೈಲ ಅಂಗಳಕ್ಕೆ ಬಂದಳು. ಅವಳ ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು. ನನ್ನ ಕಾರಿನ ಹ್ಯಾಂಡಲ್ ಸಂದಿಗೆ ಬೆರಳು ಹಾಕಿ ತೆಗೆದಾಗ ಥೇಟ್ ಚಿಕ್ಕಮ್ಮನನ್ನೇ ಕಂಡಂತಾಯಿತು. "ಇನ್ನೂ ಹೀಗೇ ಪುಡಿ ಬಿಡ್ತೀಯಲ್ಲ ಅಣ್ಣ" ಎಂದಳು. ನಾನು ಅಷ್ಟು ಹೊತ್ತು ತೂಗುತ್ತಿದ್ದ ಮಾತು ತಾನಾಗಿ ಬಂದುಬಿಟ್ಟಿತು. ಎಲ್ಲ ಹೇಳಿದೆ.

ಅವಳು ಮೆಟ್ಟಿಲ ಮೇಲೆ ಕುಳಿತಳು.

"ನಾನು ಅತ್ತಿದ್ದೂ ನೋಡಿದ್ಲಾ?"

"ಹೂಂ."

"ಚಂದ ಇರ್ತಿತ್ತು ಅಂದ್ಲಾ?"

"ಅಂದ್ರು. ಚಿಕ್ಕಪ್ಪಂದಕ್ಕಿಂತಲೂ ಅಂದ್ರು."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರಿಂದಲೂ ಅಡಗಿಸದೆ, ನನ್ನೆದುರೇ ಅತ್ತಳು. ಆಮೇಲೆ ಕಣ್ಣು ಒರೆಸಿ ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ನನ್ನ ಹೆಗಲ ಮೇಲಿದ್ದ ಪಂಚೆಯ ತುಂಡು ಎಳೆದುಕೊಂಡಳು.

"ಎರಡು ಹಿಡಿಕಡ್ಡಿ, ಒಂಚೂರು ಹತ್ತಿ ತಗೊಂಡು ಬಾ. ಆ ಡಬ್ಬಿನೂ ತಾ."

ತರಲು ಒಳಗೆ ಹೋದೆ. ದೇವರ ಮುಂದಿನ ಬತ್ತಿಯ ಹತ್ತಿಗೆ ಕೈ ಹಾಕಿದ್ದನ್ನು ನೋಡಿ, ಇದೆಂತಕ್ಕೆ ಎಂದು ಹೆಂಡತಿ ಕೇಳಿದಳು. "ಶೈಲ ಹಾಕೋ ಪಾಲಿಶಿಗೆ" ಎಂದೆ.