ಭಾವನ ಬೆಳಗಿನ ಹಾಜರಿ

ಕಳೆದ ವಾರ, ತೀರಿಕೊಂಡ ನಮ್ಮ ಭಾವನ ದನಿಯನ್ನು ನಾನೇ ಕೈಯಾರೆ ಅಳಿಸಿಹಾಕಿದೆ. ಹಿಡಿದದ್ದು ಮೂರೇ ಸೆಕೆಂಡು. ಅಷ್ಟು ಮಾಡಿ, ಅಕ್ಕನ ಕೈಯಲ್ಲಿ ಕಾಫಿ ಬೇರೆ ಮಾಡಿಸಿಕೊಂಡು ಕುಡಿದೆ.

ಆದದ್ದಿಷ್ಟು. ಕೊಡ್ಲಿಪೇಟೆಯ ಅಕ್ಕನ ಮನೆಗೆ ಹೋಗಿದ್ದೆ. ಫೋನು ತುಂಬಿಹೋಗಿದೆ, ಮೊಮ್ಮಗಳ ಫೋಟೊ ಕೂಡ ಬರುತ್ತಿಲ್ಲ ಎಂದು ಅಕ್ಕ ದೂರಿದಳು. (ನಮ್ಮ ಮನೆತನಕ್ಕೆಲ್ಲ ಫೋನ್ ಪಂಡಿತ ನಾನೇ. ಪದವಿ ಕೊಟ್ಟವರು ಯಾರೋ ಗೊತ್ತಿಲ್ಲ.) ತೆರೆದು ನೋಡಿದರೆ ಹಾಡಿನ ಆ್ಯಪ್‌ನಲ್ಲಿ ರಾಶಿ ರಾಶಿ ಫೈಲು. ಪಾಠ ಶುರು ಮಾಡಿದೆ. ಈಗೆಲ್ಲ ಹಾಡನ್ನು ಯಾರೂ ಫೋನಿನಲ್ಲಿ ಕೂಡಿಡುವುದಿಲ್ಲ, ಇದೇ ಆ್ಯಪ್ ನೆಟ್‌ನಿಂದಲೂ ಹಾಡುತ್ತದೆ, ಕೇಳಿದ್ದೆಲ್ಲ ಸಿಗುತ್ತದೆ ಎಂದೆ. ಫೋನಿನೊಳಗಿದ್ದುದನ್ನೆಲ್ಲ ಗುಡಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ.

ಮರುದಿನ ಬೆಳಿಗ್ಗೆ ಅಕ್ಕ ಒಲೆ ಮುಂದೆ ನಿಂತು ಫೋನ್ ತಡಕಾಡುತ್ತಿದ್ದಳು.

"ನಿಮ್ಮ ಭಾವನ ಹಾಜರಿ ಎಲ್ಲೋಯ್ತೋ?"

ಆ ಫೋನು ಭಾವನದು ಎಂಬುದು ಆಗ ನೆನಪಾಯಿತು.

ಭಾವ ಸಿದ್ದಾಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಕೂಲಿಯವರ ಲೈನ್ ಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಕೂಗುವುದು ಅವರ ಕೆಲಸ. ಮಳೆಗಾಲದಲ್ಲಿ ಪುಸ್ತಕ ನೆನೆಯುತ್ತದೆಂದು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಆಫೀಸಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಅಂಥದ್ದೊಂದು ಹೇಗೋ ಹಾಡುಗಳ ನಡುವೆ ಉಳಿದಿತ್ತು. ಭಾವ ಹೋದ ಮೇಲೆ, ಎರಡು ವರ್ಷದಿಂದ ಅಕ್ಕ ದಿನಾ ಹಾಲು ಕಾಯಿಸುತ್ತಾ ಅದನ್ನೇ ಕೇಳುತ್ತಿದ್ದಳಂತೆ.

ನಾನು ರಜೆಗೆ ಅಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ ಭಾವನ ಬಳಿ ಟೇಪ್ ರೆಕಾರ್ಡರ್ ಇತ್ತು. ಭಾನುವಾರ ಅದು ಲೈನಿನ ಜಗಲಿಗೆ ಬರುತ್ತಿತ್ತು. ಒಂದು ತಮಿಳು ಹಾಡು, ಒಂದು ಮಲಯಾಳಂ, ಒಂದು ಕನ್ನಡ. ಸರದಿ ತಪ್ಪಿದರೆ ಜಗಳವೇ. ತಮ್ಮ ಹಾಡು ಯಾವಾಗ ಬರುತ್ತದೋ ಎಂದು ಕಾದೂ ಕಾದೂ ಎಲ್ಲರಿಗೂ ಎಲ್ಲರ ಹಾಡೂ ಬಾಯಿಪಾಠವಾಗಿತ್ತು. ಈಗ ಕಾಫಿ ಪಿಕ್ಕಿಂಗ್‌ಗೆ ಹೋಗುವವರ ಕಿವಿಯಲ್ಲೂ ಇಯರ್‌ಫೋನ್. ಯಾರೂ ಯಾರ ಹಾಡಿಗೂ ಕಾಯಬೇಕಿಲ್ಲ. ಅನುಕೂಲವೇ, ಇಲ್ಲ ಅನ್ನುತ್ತಿಲ್ಲ.

"ಎಲ್ಲಾ ಸಿಗ್ತದೆ ಅಂದ್ಯಲ್ಲ, ಹುಡ್ಕು" ಅಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾನು ನಿಜಕ್ಕೂ ಆ್ಯಪ್‌ನಲ್ಲಿ ಭಾವನ ಹೆಸರು ಟೈಪ್ ಮಾಡಿದೆ. ನಗಬೇಡಿ. ನನ್ನ ಜಾಗದಲ್ಲಿ ನೀವಿದ್ದರೆ ಇನ್ನೇನು ಮಾಡುತ್ತಿದ್ದಿರಿ? ಸಾಲುಸಾಲು ಭಕ್ತಿಗೀತೆ ಬಂದವು.

ಅಕ್ಕನ ಮುಖ ನೋಡಲಾಗದೆ ಸಿದ್ದಾಪುರದ ದಾರಿ ಹಿಡಿದೆ. ಲೈನಿನಲ್ಲಿ ಸೆಲ್ವಿಯಕ್ಕ ಸಿಕ್ಕಳು. ಭಾವನ ಕಾಲದಿಂದಲೂ ಅಲ್ಲೇ ಇರುವವಳು. ಅವಳ ಫೋನಿನಲ್ಲಾಗಲಿ, ಬೇರೆಯವರ ಫೋನಿನಲ್ಲಾಗಲಿ ಆ ರೆಕಾರ್ಡಿಂಗ್ ಇರಲಿಲ್ಲ. ನಾನು ಮಾಡಿದ ಘನಕಾರ್ಯವನ್ನು ಹೇಳಿಕೊಂಡೆ. ಅವಳು ಹಳೆಯ ಹೆಂಗಸರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದಳು.

"ರೈಟರ್ ಸಾರ್ ಹಾಜರಿ ನಮ್ಗೆ ಮರ್ತೋಗ್ತದಾ? ನೀವು ರೆಕಾರ್ಡ್ ಒತ್ತಿ."

ಒತ್ತಿದೆ. ಹಾಜರಿ ಪುಸ್ತಕದ ಸರದಿಯಲ್ಲೇ ಶುರುವಾಯಿತು. ಭಾವ ಎಳೆಯುತ್ತಿದ್ದ ಹಾಗೇ ಎಳೆದು ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ, ಬಂದೆ ಸಾರ್ ಅಂದರು. ಒಬ್ಬಳು ತಮಿಳಿನಲ್ಲಿ, ಇನ್ನೊಬ್ಬಳು ಮಲಯಾಳಂನಲ್ಲಿ. ಸತ್ತುಹೋದ ಇಬ್ಬರ ಹೆಸರನ್ನೂ ಬಿಡದೆ, ಅವರ ಪರವಾಗಿ ಸೆಲ್ವಿಯಕ್ಕನೇ ಓಗೊಟ್ಟಳು. ನನ್ನ ಕಣ್ಣು ತುಂಬಿತು. ಗೆದ್ದೆ ಅಂದುಕೊಂಡೆ.

ಕೊಡ್ಲಿಪೇಟೆಗೆ ಬಂದು ಅಕ್ಕನ ಫೋನಿಗೆ ಹಾಕಿ ಕೇಳಿಸಿದೆ. ಪೂರ್ತಿ ಕೇಳಿದಳು. ಇನ್ನೊಮ್ಮೆ ಹಾಕಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಲ್ರೂ ಬಂದವ್ರೆ. ಕೂಗ್ದೋರು ಎಲ್ಲಿ?"