ನಂಜಪ್ಪನವರ ಎಡಗೈ

ನಂಜಪ್ಪನವರ ಎಡಗೈ ಮಗುವಿನ ಕೈಯಷ್ಟು ಮೆತ್ತಗಿತ್ತು. ಬಲಗೈಯೂ ಅದೇ ಮನುಷ್ಯನದು ಎಂದು ನಂಬುವುದು ಕಷ್ಟವಾಗುತ್ತಿತ್ತು: ಬಣ್ಣದ ಥಿನ್ನರಿಗೆ ಬಿರಿದ ಚರ್ಮ, ಗಂಟುಗಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಮೂರು ನಾಲ್ಕು ಬಣ್ಣ. ಎಡಗೈಯನ್ನು ಮಾತ್ರ ಅವರು ಯಾವ ಕೆಲಸಕ್ಕೂ ಹಚ್ಚುತ್ತಿರಲಿಲ್ಲ. ಅದರಲ್ಲಿ ಸುತ್ತಿಗೆ ಹಿಡಿಯುವುದಿಲ್ಲ, ಬಕೆಟ್ ಎತ್ತುವುದಿಲ್ಲ, ಬಿಸಿ ಕಾಫಿ ಲೋಟವನ್ನೂ ಮುಟ್ಟುವುದಿಲ್ಲ. ಬಿಡುವಿದ್ದಾಗ ಹಳೆಯ ಪಂಚೆಯ ತುಂಡಿನಲ್ಲಿ ಅದನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು.

"ಅದು ಮಾಡೋ ಕೈ ಸಾರ್, ಇದು ನೋಡೋ ಕೈ," ಎನ್ನುತ್ತಿದ್ದರು.

ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯಿಂದ ಎರಡು ತಿರುವು ಒಳಗೆ ಅವರ ತಗಡಿನ ಶೆಡ್ಡು. ಕೆಂಗೇರಿಯಾಚೆಯ ಒಂದು ರೆಸಾರ್ಟಿನಲ್ಲಿ ನಾನು ವಾಹನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಗಾಡಿಗಳಿಗೆ ಬಣ್ಣ ಹೊಡೆಸಲು ಹೋಗಿ ಹೋಗಿ ಪರಿಚಯ ಬೆಳೆಯಿತು. ತಗ್ಗಿಗೆ ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜಿ ಆದ ಮೇಲೆ ಅವರು ಕಣ್ಣು ಮುಚ್ಚಿಕೊಂಡು, ಅದೇ ಪಂಚೆಯ ಬಟ್ಟೆಯನ್ನು ನಡುವೆ ಇಟ್ಟು ಎಡಗೈಯಿಂದ ಗಾಡಿಯ ಮೈಯನ್ನು ನಿಧಾನವಾಗಿ ಸವರುತ್ತಿದ್ದರು. ನನಗೆ ನುಣ್ಣಗೆ ಕಾಣುವ ಕಡೆ ಅವರ ಕೈ ನಿಲ್ಲುತ್ತಿತ್ತು. ಬಲಗೈಯಿಂದ ಅಲ್ಲೊಂದು ಸೀಮೆಸುಣ್ಣದ ಗುರುತು ಬೀಳುತ್ತಿತ್ತು. ಎಲ್ಲ ಸರಿಯಾಗಿದೆಯಲ್ಲ ಎಂದರೆ ಬೈಗುಳ ಖಚಿತ.

"ಕಣ್ಣಲ್ಲಿ ನೋಡೋನು ಗಿರಾಕಿ. ಸುಮ್ನೆ ಕೂತ್ಕೊಳ್ಳಿ ಸಾರ್."

ಒಮ್ಮೆ ನಾನಿದ್ದಾಗಲೇ ಒಬ್ಬ ಬಿಳಿ ಕಾರು ತಂದ. ಗೇಟಿನ ಕಂಬಕ್ಕೆ ತಾಗಿದೆ, ಸಂಜೆಯೊಳಗೆ ಸರಿಮಾಡಿ ಕೊಡಿ ಎಂದ. ನಂಜಪ್ಪನವರು ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಎಡಮೂಲೆಗೆ ಬಂದಾಗ ಕೈಯನ್ನು ಥಟ್ಟನೆ ಹಿಂದೆ ತೆಗೆದುಕೊಂಡರು.

"ಇಲ್ಲಿ ಯಾರೋ ಬಿದ್ದಿದಾರೆ," ಎಂದರು. ಬಾನೆಟ್ಟಿನಿಂದ ದೂರ ಸರಿದು, "ಎದ್ದಿಲ್ಲ," ಎಂದರು.

ಆತ ನಗಲು ಹೋದ, ಆಗಲಿಲ್ಲ. ಕಾರು ಹತ್ತಿ ಹೊರಟುಹೋದ. ಕೈಯಲ್ಲಿದ್ದ ಕಾಫಿ ಕುಡಿಯುವುದು ನನಗೆ ಮರೆತೇ ಹೋಗಿತ್ತು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಕಂಬ ತಾಗಿದ್ರೆ ತಗ್ಗಿಗೆ ಅಂಚಿರುತ್ತೆ ಸಾರ್. ಮೈ ತಾಗಿದ್ರೆ ಅಂಚಿರಲ್ಲ."

ಇಷ್ಟೆಲ್ಲ ನೋಡಿದವನು ನನ್ನ ಗಾಡಿಯನ್ನು ಇನ್ನೆಲ್ಲಿಗಾದರೂ ಒಯ್ಯಬೇಕಿತ್ತು. ಆದರೆ ಇಷ್ಟು ಚೆನ್ನಾಗಿ ಮುಚ್ಚುವವರು ಬೇರೆ ಯಾರೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಮುಚ್ಚುವುದೇ.

ಅದೊಂದು ಹಳೆಯ ಗಾಲ್ಫ್ ಕಾರ್ಟು, ಬಾಗಿಲಿಲ್ಲದ ಬ್ಯಾಟರಿ ಗಾಡಿ. ರೆಸಾರ್ಟಿನವರು ತೆಗೆದುಹಾಕಿದಾಗ ನಾನೇ ಕೊಂಡಿದ್ದೆ. ಅಮ್ಮನಿಗೆ ಮಂಡಿ ಸೋತಿತ್ತು. ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಪಾರ್ಕಿನವರೆಗೆ ದಿನಾ ಬೆಳಿಗ್ಗೆ ಅವಳನ್ನು ಅದರಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಮಹಾರಾಣಿಯ ಹಾಗೆ ಎಡಗಡೆ ಕೂತು, ಸೀಟಿನ ಪಕ್ಕದ ಫೈಬರ್ ಮೈಯನ್ನು ಹಿಡಿದುಕೊಂಡು ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದಳು. ಒಂದು ಬೆಳಿಗ್ಗೆ ಪಾರ್ಕಿನ ತಿರುವಿನಲ್ಲಿ ನಾನು ಒಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಲೇ ಸ್ಟೀರಿಂಗ್ ಎಳೆದೆ. ಅಮ್ಮ ಬಿದ್ದಳು. ತಲೆಗೆ ಪೆಟ್ಟಾಗಿತ್ತು. ಮತ್ತೆ ಎಚ್ಚರವಾಗಲೇ ಇಲ್ಲ, ಮೂರನೆಯ ದಿನ ತೀರಿಕೊಂಡಳು.

ಬಸವೇಶ್ವರನಗರದಲ್ಲಿರುವ ತಂಗಿ ಶೈಲಾಳಿಗೆ ನಾನು ಹೇಳಿದ್ದೇ ಬೇರೆ. ಸೆರಗು ಸರಿಮಾಡಿಕೊಳ್ಳಲು ಅಮ್ಮನೇ ಕೈಬಿಟ್ಟಳು ಎಂದಿದ್ದೆ. ಎಲ್ಲರೂ ನಂಬಿದರು. ವರ್ಷದ ತಿಥಿ ಹತ್ತಿರವಾದಾಗ, ಗಾಡಿಗೆ ಬಣ್ಣ ಹೊಡೆಸಿ ಅಮ್ಮನ ಹೆಸರಿನಲ್ಲಿ ಪಾರ್ಕಿನ ಹಿರಿಯರಿಗೆ ಕೊಡೋಣ ಎಂದವಳು ಶೈಲಾಳೇ.

ನಂಜಪ್ಪನವರು ಹಳೆಯ ಬಣ್ಣ ತೆಗೆದು, ಬಿರುಕು ತುಂಬಿ, ಬಿಳಿಯ ಬಣ್ಣ ಹೊಡೆದರು. ಎಡಬದಿಯಲ್ಲಿ, ಸೀಟಿನ ಪಕ್ಕ, ಒಂದಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಸಣ್ಣ ಸಣ್ಣ ಗುಂಡಿಗಳಾಗಿ ಬಿಟ್ಟುಕೊಂಡಿತು.

"ಎಣ್ಣೆ ಕೈ, ಅದಕ್ಕೇ ಬಣ್ಣ ಹಿಡೀತಿಲ್ಲ," ಎಂದರು. "ತಲೆಗೆ ಹರಳೆಣ್ಣೆ ಹಚ್ಕೊಳ್ಳೋರು ಯಾರಾದ್ರೂ ಕೂರ್ತಿದ್ರಾ?"

ಅಮ್ಮ ಎಂದೆ. ಅವರು ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಥಿನ್ನರಿನಲ್ಲಿ ಒರೆಸಿ ಮತ್ತೆ ಹೊಡೆದರು. ಮತ್ತೆ ಅದೇ ಆಯಿತು. ಮೂರನೆಯ ಸಲ ಆ ಗುಂಡಿಗಳು ಸ್ಪಷ್ಟವಾಗಿ ನಾಲ್ಕು ಬೆರಳಿನ ಅಚ್ಚಾಗಿ ಮೂಡಿದ್ದವು. ಹಾಡುಹಗಲು, ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು, ಆದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ನಂಜಪ್ಪನವರು ಅಲ್ಲಿನ ಬಣ್ಣವನ್ನೆಲ್ಲ ಕೆರೆದು ತೆಗೆದು, ಬಟ್ಟೆಯಿಲ್ಲದೆ ಬರಿಗೈ ಇಟ್ಟರು. ಬೆರಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಅಮ್ಮ ಹೆಂಗೆ ಹೋದ್ರು ಸಾರ್?"

"ಬಿದ್ದುಬಿಟ್ರು. ಅವರೇ ಕೈಬಿಟ್ರು."

"ಇಲ್ಲಿ ಬಳೆ ಗೀರಿದೆ, ಹಿಂದಕ್ಕೆ ಎಳ್ಕೊಂಡು ಹೋಗಿದೆ. ಬಿಟ್ಟ ಕೈ ಹಿಂಗೆ ಗೀರಲ್ಲ. ಇದು ಹಿಡ್ಕೊಂಡಿದ್ದ ಕೈ ಕಣಪ್ಪ. ಕೊನೇತನಕ ಹಿಡ್ಕೊಂಡಿತ್ತು."

ನನ್ನನ್ನು ಯಾವತ್ತೂ ಸಾರ್ ಎನ್ನುತ್ತಿದ್ದವರು ಅಂದು ಅಪ್ಪ ಎಂದರು. ಅದಕ್ಕೇ ಇರಬೇಕು, ಅಳು ಬಂತು. ಫೋನಿನ ವಿಷಯ, ಶೈಲಾಳಿಗೆ ಹೇಳಿದ ಸುಳ್ಳು, ಎಲ್ಲವನ್ನೂ ಅಲ್ಲೇ ಡಬ್ಬಗಳ ನಡುವೆ ನಿಂತು ಹೇಳಿದೆ. ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾಳೆ ಬನ್ನಿ ಎಂದಷ್ಟೇ ಅಂದರು.

ಮರುದಿನ ಹೋದಾಗ ಬಣ್ಣ ಕೂತಿತ್ತು. ಎಲ್ಲಿಂದ ನೋಡಿದರೂ ಒಂದು ಕಲೆಯಿಲ್ಲ. ಏನು ಮಾಡಿದಿರಿ ಎಂದೆ.

"ನಾನೇನೂ ಮಾಡಿಲ್ಲ. ಅದೇ ಸ್ಪ್ರೇ ಗನ್ನು, ಅದೇ ಬಣ್ಣ." ಎಡಗೈಯನ್ನು ಪಂಚೆಯಲ್ಲಿ ಸುತ್ತಿಕೊಳ್ಳುತ್ತಾ, "ತಂಗೀಗೆ ಹೇಳಿ ಸಾರ್. ನಂಗೆ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದರು.

ನಾನು ಹೇಳಲಿಲ್ಲ. ತಿಥಿಯ ದಿನ ಶೈಲಾ ಗಾಡಿಗೆ ಮಲ್ಲಿಗೆ ಹಾರ ಹಾಕಿದಾಗ ಪಕ್ಕದಲ್ಲಿ ನಿಂತು ಕೈಮುಗಿದೆ. ದೀಪಾವಳಿ ಬಂತು, ಸಂಕ್ರಾಂತಿಯೂ ಬಂತು. ನಂಜಪ್ಪನವರ ಶೆಡ್ಡಿನ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಒಂದು ಗುರುವಾರ ಸಂಜೆ ಶೈಲಾ ಮನೆಗೆ ಬಂದಿದ್ದಳು. ಮಾತಿನ ನಡುವೆ, "ಅಮ್ಮಂದೂ ತಪ್ಪು ಕಣೋ, ಅವತ್ತು ಗಟ್ಟಿಯಾಗಿ ಹಿಡ್ಕೊಂಡಿದ್ರೆ ಇವತ್ತೂ ಇರ್ತಿದ್ಲು," ಎಂದಳು. ಸತ್ತವಳ ಮೇಲೆ ನಾನು ಹೊರಿಸಿದ್ದು ಏನು ಎಂದು ಆಗ ಅರಿವಾಯಿತು. ಹೇಳಿಬಿಟ್ಟೆ. ಅವಳು ಕೇಳಿಸಿಕೊಂಡಳು. "ನಂಗೂ ಗೊತ್ತಿತ್ತು ಅಂತೀನಿ ಅನ್ಕೋಬೇಡ. ಗೊತ್ತಿರ್ಲಿಲ್ಲ," ಎಂದು ಕಾಫಿ ಮುಟ್ಟದೆ ಎದ್ದುಹೋದಳು.

ಸೋಮವಾರ ಬೆಳಿಗ್ಗೆ ದೀಪಾಂಜಲಿ ನಗರಕ್ಕೆ ಹೋದೆ. ಶೆಡ್ಡಿಗೆ ಬೀಗ ಹಾಕಿತ್ತು. ಹಿಂದಿನ ಬೀದಿಯಲ್ಲೇ ಮನೆ. ಶೆಡ್ಡಿಗೆ ಕಾಫಿ ತರುತ್ತಿದ್ದ ಅವರ ಹೆಂಡತಿ ಜಯಮ್ಮ ಬಾಗಿಲಿಗೆ ಬಂದರು.

"ಶುಕ್ರವಾರ ಬೆಳಿಗ್ಗೆ ಹೋಗ್ಬಿಟ್ರು ಸಾರ್. ಒಂದು ತಿಂಗಳಿಂದ ಮಲಗೇ ಇದ್ರು, ಉಸಿರಾಟದ ತೊಂದ್ರೆ."

ನಾನು ಚಪ್ಪಲಿ ಕಳಚಿದೆ. ಆಕೆ ಮುಂದುವರಿಸಿದರು.

"ಗುರುವಾರ ಸಾಯಂಕಾಲ ದೀಪ ಹಚ್ತಾ ಇದ್ದೆ. 'ಲೇ, ಕೆಂಗೇರಿ ಸಾರ್ ಹೇಳ್ಬಿಟ್ರು ಕಣೇ' ಅಂದ್ರು. ಏನು ಹೇಳಿದ್ರು ಅಂದೆ. 'ತಂಗಿ ಎದ್ದು ಹೋದ್ರು, ಪಾಪ' ಅಂದ್ರು. ಆಮೇಲೆ ಮಾತಾಡ್ಲೇ ಇಲ್ಲ. ನೀವು ಅವ್ರಿಗೆ ಫೋನ್ ಮಾಡಿದ್ರಾ ಸಾರ್?"

ಹೌದು ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು.

"ಇಲ್ಲಮ್ಮ," ಎಂದೆ. "ಮಾಡಿರ್ಲಿಲ್ಲ."

ಜಯಮ್ಮ ನನ್ನ ಮುಖವನ್ನೇ ನೋಡುತ್ತಾ ಹೊಸ್ತಿಲ ಮೇಲೆ ಮೆಲ್ಲಗೆ ಕೂತುಬಿಟ್ಟರು.