ಬದುಕಿರುವವರ ಮನೆ ಮುಂದೆ ಚಟ್ಟ

ಹೋದ ವಾರ ಬೆಂಕಿ ಮಡಕೆ ಹಿಡಿದು ಒಬ್ಬರ ಶವಯಾತ್ರೆಯ ಮುಂದೆ ನಡೆದೆ. ಅವರು ಸತ್ತಿರಲಿಲ್ಲ. ಆ ಹೊತ್ತಿಗೆ ಆಫೀಸಿನಲ್ಲಿ ಕಾಫಿ ಕುಡಿಯುತ್ತಿದ್ದರಂತೆ.

ನೆಲಮಂಗಲ ಸೀಮೆಯ ನಮ್ಮೂರ ರಸ್ತೆಯನ್ನು ಗೋಡೌನ್ ಲಾರಿಗಳು ಕಿತ್ತು ಹಾಕಿವೆ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯಿತು. ಗುಂಡಿಗೆ ಬಿದ್ದು ಪಕ್ಕದ ಮನೆ ಜಯಮ್ಮನ ಕಾಲು ಮುರಿಯಿತು. ರಸ್ತೆ ನೋಡಿಕೊಳ್ಳಬೇಕಾದ ಇಂಜಿನಿಯರ್ ತಿರುಗಿಯೂ ನೋಡಲಿಲ್ಲ. ಸರಿ, ಅಣಕು ಶವಯಾತ್ರೆ ಎಂದು ತೀರ್ಮಾನವಾಯಿತು. ಬಿದಿರಿನ ಚಟ್ಟ, ಹುಲ್ಲಿನ ಬೊಂಬೆ, ಅದರ ಮುಖಕ್ಕೆ ಇಂಜಿನಿಯರ್ ಫೋಟೊ, ಹಾರ, ತಮಟೆ. (ಮಡಕೆ ನಮ್ಮ ಮನೆಯದೇ.)

ಆಫೀಸಿನ ಮುಂದೆ ಮುಗಿಸಬಹುದಿತ್ತು. "ಮನೆ ಮುಂದೇನೇ ಇಳ್ಸಣ ಗುರು, ಆಗ ಬುದ್ಧಿ ಬರುತ್ತೆ" ಎಂದ ಗೆಳೆಯ ಮಂಜು. ನಾನೂ ಹೂಂ ಅಂದೆ.

ಸದ್ದಿಗೆ ಬಾಗಿಲು ತೆರೆದವರು ಇಂಜಿನಿಯರ್ ತಾಯಿ. ಸಾವಿನ ತಮಟೆಯ ಪೆಟ್ಟೇ ಬೇರೆ. ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಅಜ್ಜಿ ಬ್ಯಾನರ್ ಓದಲಿಲ್ಲ. ಚಟ್ಟದ ಮೇಲಿನ ಮುಖ ನೋಡಿದರು. "ಅಯ್ಯೋ ನನ್ ಕಂದಾ" ಎಂದು ಓಡಿಬಂದು ಬೊಂಬೆಯನ್ನು ತಬ್ಬಿಕೊಂಡು ಬಿದ್ದುಬಿಟ್ಟರು.

ತಮಟೆ ನಿಂತಿತು. "ಬೊಂಬೆ ಕಣಮ್ಮಾ, ಬೊಂಬೆ!" ಎಂದು ಎಷ್ಟು ಕೂಗಿದರೂ ಅವರ ಕಿವಿಗೆ ಹೋಗಲಿಲ್ಲ. ಮಗ ಫೋನಿನಲ್ಲಿ ಮಾತಾಡಿದ ಮೇಲೂ ಬೊಂಬೆಯ ಮುಖ ಸವರುವುದನ್ನು ನಿಲ್ಲಿಸಲಿಲ್ಲ. ನನಗೆ ಮೈಯೆಲ್ಲ ನಾಚಿಕೆ.

ವಾಪಸ್ ಬರುವಾಗ ಮಂಜು ಜಗಳಕ್ಕೇ ನಿಂತ. "ಮಾತಾಡೋ ಹಕ್ಕಿಲ್ವೇನೋ ನಮ್ಗೆ? ಜಯಮ್ಮ ಅತ್ತಿದ್ದು ಯಾರಿಗೂ ಕಾಣ್ಸಲ್ವಾ?"

ಹಕ್ಕಿದೆ ಕಣೋ. ಯಾರಿಗೋ ನೋವಾಯಿತೆಂದು ಬಾಯಿಗೆ ಬೀಗ ಹಾಕಿಸಿಕೊಳ್ಳಲು ನಾನೂ ತಯಾರಿಲ್ಲ. ಹಾಗೇನಾದರೂ ಆದರೆ, ಮನಸ್ಸಿಗೆ ನೋವಾಯಿತು ಅಂತ ಮೊದಲು ಓಡಿಬರುವವರು ಕುರ್ಚಿಯಲ್ಲಿ ಕೂತವರೇ. ಇಂಜಿನಿಯರಿಗೆ ಮುಜುಗರವಾಗಲಿ, ಚೆನ್ನಾಗಿಯೇ ಆಗಲಿ! ಪ್ರತಿಭಟನೆ ಇರುವುದೇ ಅದಕ್ಕೆ. ಆದರೆ ಆ ತಾಯಿ ನಮ್ಮ ಯಾವ ಅರ್ಜಿಯನ್ನು ಮೂಲೆಗೆ ಎಸೆದಿದ್ದರು?

ಮರುದಿನ ಹೋಗಿ ಅವರ ಕಾಲಿಗೆ ಬಿದ್ದೆ. "ಬೈಯೋದಿದ್ರೆ ಅವನ ಮುಖಕ್ಕೇ ಬೈಯ್ರಪ್ಪಾ" ಎಂದರು, ಅಷ್ಟೇ.

ಪಕ್ಕದಲ್ಲೇ ಇದ್ದ ಮಗರಾಯರು, "ಹಂಗಾದ್ರೆ ಧರಣಿ ಗಿರಣಿ ಎಲ್ಲಾ ನಿಲ್ಸಿಬಿಡಿ, ನಾನೂ ಕಂಪ್ಲೇಂಟ್ ಕೊಡಲ್ಲ" ಎಂದರು. ಆಹಾ, ಸಿಕ್ಕಿದ್ದೇ ಚಾನ್ಸು!

"ಕ್ಷಮೆ ಕೇಳಿದ್ದು ನಿಮ್ಮ ತಾಯೀನ ಸಾರ್, ನಿಮ್ಮನ್ನಲ್ಲ. ಕಂಪ್ಲೇಂಟ್ ಕೊಡೋದಾದ್ರೆ ಕೊಡಿ. ಸೋಮವಾರ ನಿಮ್ಮ ಆಫೀಸ್ ಮುಂದೆ ಕೂರ್ತೀವಿ" ಎಂದು ಎದ್ದು ಬಂದೆ.

ಜಯಮ್ಮನನ್ನೂ ಆಟೋದಲ್ಲಿ ಕರೆದೊಯ್ಯುತ್ತೇವೆ. ಗಂಟಲು ಹರಿಯುವಂತೆ ಕೂಗುತ್ತೇವೆ, ರಸ್ತೆ ಆಗುವ ತನಕ. ಚಟ್ಟ ಇಲ್ಲದಿದ್ದರೆ ಬರಲ್ಲ ಎನ್ನುತ್ತಿದ್ದಾನೆ ಮಂಜು. ಅವನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ಕುರ್ಚಿಯಲ್ಲಿ ಕೂತವನನ್ನು ಬಿಟ್ಟು ಅವನ ಅಮ್ಮನನ್ನು ಅಳಿಸಿ ಬರುವುದು ಯಾವ ಸೀಮೆಯ ಧೈರ್ಯ?